ಚಿಪ್ ಕೊರತೆ ಮತ್ತು ಗೇಮಿಂಗ್ ಸಾಧನಗಳ ಕಾಳಸಂತೆ

2020ರಿಂದ 2022ರವರೆಗೆ ಸೆಮಿಕಂಡಕ್ಟರ್ ಚಿಪ್‌ಗಳ ಅಭಾವದಿಂದ ಗೇಮ್ ಕನ್ಸೋಲ್ ಹಾಗೂ ಗ್ರಾಫಿಕ್ಸ್ ಕಾರ್ಡ್‌ಗಳ ಪೂರೈಕೆ ಕುಸಿದು ಬೆಲೆ ಏರಿದ ಜಾಗತಿಕ ವಿದ್ಯಮಾನ.

ಕಾರಣಗಳು: ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ, ಪಾಠ ನಡೆದು ಕಂಪ್ಯೂಟರ್‌ಗಳ ಬೇಡಿಕೆ ಹೆಚ್ಚಿತು. ಸುಧಾರಿತ ಚಿಪ್‌ಗಳ ತಯಾರಿಕೆ ತೈವಾನ್, ದಕ್ಷಿಣ ಕೊರಿಯಾಗಳ ಕೆಲವೇ ಕಾರ್ಖಾನೆಗಳಲ್ಲಿ ಕೇಂದ್ರೀಕೃತವಾಗಿತ್ತು. ಈಥೀರಿಯಂ ಎಂಬ ಕ್ರಿಪ್ಟೊ ಕರೆನ್ಸಿಯ ಗಣಿಗಾರಿಕೆಗಾಗಿಯೂ (ಕಂಪ್ಯೂಟರ್ ಲೆಕ್ಕಾಚಾರದಿಂದ ನಾಣ್ಯ ಗಳಿಸಲು) ಗ್ರಾಫಿಕ್ಸ್ ಕಾರ್ಡ್‌ಗಳು ಸಗಟಾಗಿ ಖರ್ಚಾದವು. ಮರುಮಾರಾಟಗಾರರು ಬಾಟ್ ತಂತ್ರಾಂಶ ಬಳಸಿ, ದಾಸ್ತಾನು ಬಂದ ಕ್ಷಣವೇ ಕೊಂಡು ದುಬಾರಿ ಬೆಲೆಗೆ ಮಾರಿದರು.

ಭಾರತ ಮತ್ತು ಕರ್ನಾಟಕದಲ್ಲಿ: 2021ರ ಫೆಬ್ರವರಿ 2ರಂದು ಭಾರತಕ್ಕೆ ಬಂದ ಪ್ಲೇಸ್ಟೇಷನ್ 5 ಕನ್ಸೋಲ್‌ನ ಆಗಿನ ಬೆಲೆ ₹49,990. ಜನವರಿ 12ರ ಮುಂಗಡ ಕಾಯ್ದಿರಿಸುವಿಕೆ ನಿಮಿಷಗಳಲ್ಲೇ ಮುಗಿದಿತ್ತು. ₹29,500ಕ್ಕೆ ಘೋಷಿತವಾದ ಆರ್‌ಟಿಎಕ್ಸ್ 3060 ಕಾರ್ಡ್ ಆ ಬೆಲೆಗೆ ಅಂಗಡಿಗಳಲ್ಲಿ ಸಿಗುವುದೇ ದುರ್ಲಭವಾಯಿತು. ಕಾರ್ಡ್ ಬೇಕಾದರೆ ಮದರ್‌ಬೋರ್ಡ್, ಕ್ಯಾಬಿನೆಟ್‌ಗಳನ್ನೂ ಕೊಳ್ಳಬೇಕೆಂಬ ‘ಕಾಂಬೊ’ ಷರತ್ತು ಭಾರತದ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿತ್ತು. ರಾಜ್ಯದ ಬಿಡಿಭಾಗ ವ್ಯಾಪಾರದ ಕೇಂದ್ರ ಬೆಂಗಳೂರಿನ ಎಸ್.ಪಿ. ರಸ್ತೆ. ಕೇರಳ ಗಡಿಗೆ ಹೊಂದಿಕೊಂಡ ಕೊಡಗಿನ ಮಾಕುಟ್ಟದಂತಹ ಕಾಡಂಚಿನ ಊರಿನವರಿಗೆ ಆ ಪೇಟೆ ದೂರ. ಕ್ಷಣಾರ್ಧದಲ್ಲಿ ಮುಗಿಯುತ್ತಿದ್ದ ಆನ್‌ಲೈನ್ ಮಾರಾಟವೂ ಅವರಿಗೆ ಸುಲಭಸಾಧ್ಯವಿರಲಿಲ್ಲ. ಹೀಗೆ ಕೊರತೆಯ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ.

ಪರಿಹಾರ: ಕಾರ್ಡ್ ತಯಾರಕ ಕಂಪನಿ ಎನ್‌ವಿಡಿಯಾ ಆರ್‌ಟಿಎಕ್ಸ್ 3060ರ ಈಥೀರಿಯಂ ಗಣಿಗಾರಿಕೆ ವೇಗವನ್ನು ಅರ್ಧಕ್ಕಿಳಿಸಿತು. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ಗಣಿಗಾರಿಕೆಯ ಪದ್ಧತಿಯನ್ನೇ ಕೈಬಿಟ್ಟಿತು. ಆ ಹೊತ್ತಿಗೆ ಕಾರ್ಡ್‌ಗಳ ಅಭಾವ ನೀಗಿತ್ತು. ಆದರೆ ಕನ್ಸೋಲ್ ಬೆಲೆ ಇಳಿಯಲಿಲ್ಲ: ಅದೇ ವರ್ಷದ ನವೆಂಬರ್‌ನಲ್ಲಿ ಭಾರತದಲ್ಲಿ ಪ್ಲೇಸ್ಟೇಷನ್ 5ರ ಅಧಿಕೃತ ಬೆಲೆ ₹54,990ಕ್ಕೆ ಏರಿತು.