ಕಥೆ ಬಿಟ್ಟಿದ್ದನ್ನ ಚಿತ್ರ ಕೇಳ್ತದೆ

ಈಗ ಪುಸ್ತಕದಂಗಡೀಲಿ ಹಳೇ ಕಾದಂಬರಿಗಳು ಜಪಾನಿನ ಮಾಂಗಾ ಚಿತ್ರ ಹಾಕ್ಕೊಂಡು ಬರ್ತಾವೆ. ದೊಡ್ಡ ದೊಡ್ಡ ಕಣ್ಣು, ಚೂಪು ಗಲ್ಲ, ಗಾಳಿಗೆ ಹಾರೋ ಕೂದಲು. ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡೀಸ್’ 2014ರಲ್ಲೇ ಮಾಂಗಾ ಆಗಿ ಬಂತು. ಮೊಮ್ಮಕ್ಕಳ ಕೈಲಿ ಅಂಥದ್ದು ಕಂಡ್ರೆ ನಮ್ಮಲ್ಲಿ ಬಹಳ ಜನ “ಬೊಂಬೆ ನೋಡೋದೂ ಒಂದು ಓದಾ?” ಅಂತೀವಿ. ಹಂಗನ್ನೋಕೆ ಮುಂಚೆ ನಮ್ಮೂರ ಲಕ್ಷ್ಮೀನರಸಿಂಹಸ್ವಾಮಿ ಗುಡಿಗೆ ಒಂದು ಸುತ್ತು ಬಂದು ನೋಡಿ. ದೊಡ್ಡ ಕಥೇನ ಚಿತ್ರ ಮಾಡೋ ಕೆಲಸ ನುಗ್ಗೇಹಳ್ಳೀಲಿ 1246ರಲ್ಲೇ ಆಗೋಗದೆ.

ಹೊಯ್ಸಳ ದೊರೆ ವೀರ ಸೋಮೇಶ್ವರನ ಕಾಲದಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಸಿದ ಗುಡಿ ಅದು. ಒಳಗೆ ಕೇಶವ, ಲಕ್ಷ್ಮೀನರಸಿಂಹ, ವೇಣುಗೋಪಾಲ, ಹಿಂಗೆ ಮೂರು ಗರ್ಭಗುಡಿ. ಹೊರಗೋಡೆ ಬುಡದಲ್ಲಿ ಆನೆ ಸಾಲು, ಅದರ ಮೇಲೆ ಕುದುರೆ ಸವಾರರು, ಆಮೇಲೆ ಬಳ್ಳಿ, ಅದರ ಮೇಲೆ ಪುರಾಣದ ಕಥೆ. ಒಂದಾದ ಮೇಲೆ ಒಂದು ಚಿತ್ರ. ನಾವು ನಡೀತಾ ಹೋದಂಗೆ ಕಥೇನೂ ನಡೀತದೆ. ಅಕ್ಷರ ಬರದೋಳಿಗೂ, ಪಕ್ಕದಲ್ಲಿ ಕಥೆ ಗೊತ್ತಿರೋರು ಒಬ್ಬರು ಬೆರಳು ತೋರ್ಸಿ ಹೇಳಿದ್ರೆ ಸಾಕು, ದಕ್ತದೆ. ಕೆತ್ತಿದೋರ ಹೆಸರೂ ಉಳಿದವೆ: ಬೈಚೋಜ, ಮಲ್ಲಿತಮ್ಮ. ದಕ್ಷಿಣದ ಕಡೆ ಬೈಚೋಜನ ಕೈ, ಉತ್ತರದ ಕಡೆ ಮಲ್ಲಿತಮ್ಮನ ಕೈ. ಈ ಮಲ್ಲಿತಮ್ಮ ಆಮೇಲೆ ಸೋಮನಾಥಪುರದಲ್ಲೂ ಕೆತ್ತಿದೋನು.

ಈಗ ಒಂದು ವಿಷಯ ಗಮನಿಸಿ. ಕಥೆ ಯಾವ ಯುಗದ್ದೋ, ಆದ್ರೆ ಅದರಲ್ಲಿರೋ ಹೆಂಗಸರ ಮೈಮೇಲೆ ಇರೋ ಡಾಬು, ತೋಳ್ಬಳೆ, ಕಿವಿಯೋಲೆ, ಹೆರಳು ಕಟ್ಟಿರೋ ರೀತಿ ಎಲ್ಲಾ ಹೊಯ್ಸಳರ ಕಾಲದ ಶಿಲ್ಪಿಗಳ ಕಣ್ಣಿಗೆ ಬಿದ್ದದ್ದು, ಅವರ ಕೈ ಪಳಗಿದ್ದು. ಕಥೆ ಹೇಳೋನು “ಅವಳು ಒಡವೆ ಹಾಕ್ಕೊಂಡಳು” ಅಂದು ಮುಂದಕ್ಕೆ ಹೋಗ್ಬಹುದು. ಉಳಿ ಹಿಡಿದೋನಿಗೆ ಆಗಲ್ಲ. ಯಾವ ಒಡವೆ, ಎಷ್ಟು ಎಳೆ, ಎಲ್ಲಿವರೆಗೆ ಇಳಿಬಿದ್ದಿತ್ತು, ಎಲ್ಲಾನೂ ಅವನು ತೋರಿಸ್ಲೇಬೇಕು. ಗೊತ್ತಿಲ್ದಿದ್ರೆ ತನ್ನ ಸುತ್ತ ಇದ್ದದ್ದನ್ನೇ ತಂದು ಹಾಕ್ತಾನೆ. ಹಂಗಾಗಿ ಹಳೇ ಕಥೆಯ ಚಿತ್ರ ಅಂದ್ರೆ ಅದರಲ್ಲಿ ಎರಡು ಕಾಲ ಇರ್ತದೆ: ಕಥೇದೊಂದು, ಚಿತ್ರ ಬರೆದೋರದೊಂದು.

ಇದನ್ನ ನಿಮ್ಮ ದೇವರ ಮನೇಲೇ ನೋಡ್ಬಹುದು. ಗುಡಿ ಗೋಡೆ ಮೇಲಿನ ಲಕ್ಷ್ಮಿಗೆ ರವಿಕೆ ಇಲ್ಲ. ನಮ್ಮ ಕ್ಯಾಲೆಂಡರ್ ಲಕ್ಷ್ಮಿ ಸೀರೆ ಉಟ್ಟು, ರವಿಕೆ ತೊಟ್ಟು ತಾವರೆ ಮೇಲೆ ನಿಂತವಳೆ. ಆ ಸೀರೆ ಲಕ್ಷ್ಮೀನ ಮನೆಮನೆಗೆ ತಂದೋನು ರಾಜಾ ರವಿವರ್ಮ. 1894ರಲ್ಲಿ ಮುಂಬೈಲಿ ಅಚ್ಚುಕೂಟ ಶುರು ಮಾಡಿ ಬಣ್ಣದ ಪಟ ಹೊರಡಿಸ್ದ. ಇವತ್ತು ದೇವಿ ಅಂದ ತಕ್ಷಣ ನಮಗೆ ಕಣ್ಣ ಮುಂದೆ ಬರೋದು ಅದೇ ರೂಪ.

ಆಮೇಲೆ ಅಮರ ಚಿತ್ರ ಕಥೆ. ನಮ್ಮಲ್ಲಿ ಅದನ್ನ ಓದದ ಮನೆ ಕಮ್ಮಿ. ಬಹಳ ಜನಕ್ಕೆ ಗೊತ್ತಿಲ್ಲದ್ದು ಅಂದ್ರೆ, ಆ ಹೆಸರಲ್ಲಿ ಮೊದಲು ಬಂದದ್ದು ಕನ್ನಡದ ಪುಸ್ತಕಗಳೇ. 1965ರಲ್ಲಿ ಬೆಂಗಳೂರಲ್ಲಿ ಜಿ.ಕೆ. ಅನಂತರಾಮ್ ಪರದೇಶದ ಮಕ್ಕಳ ಕಥೆಗಳನ್ನ ಕನ್ನಡದ ಚಿತ್ರಕಥೆ ಮಾಡಿ ತಂದ್ರು. ಆ ಹತ್ತು ಮುಗಿದ ಮೇಲೆ, ಹನ್ನೊಂದನೇದಾಗಿ ‘ಕೃಷ್ಣ’ ಬಂದ. ಅದರ ಹಿಂದಿದ್ದೋರು ಅನಂತ ಪೈ, ಕಾರ್ಕಳದಲ್ಲಿ ಹುಟ್ಟಿದೋರು. 1967ರಲ್ಲಿ ದಿಲ್ಲೀಲಿ ಟೀವಿ ಮೇಲೆ ನಡೀತಿದ್ದ ಒಂದು ರಸಪ್ರಶ್ನೆಯಲ್ಲಿ ಮಕ್ಕಳಿಗೆ ಗ್ರೀಕ್ ದೇವರ ವಿಷಯ ಗೊತ್ತಿತ್ತು, ರಾಮನ ತಾಯಿ ಹೆಸರು ಗೊತ್ತಿರ್ಲಿಲ್ಲ. ಅದನ್ನ ನೋಡಿ ಅವರಿಗೆ ತಡೀಲಿಲ್ಲ. ಪುರಾಣ ಅಷ್ಟೇ ಅಲ್ಲ, ಬಂಕಿಮಚಂದ್ರರ ‘ಆನಂದಮಠ’ದಂಥ ಕಾದಂಬರೀನೂ ಆ ಮಾಲೇಲಿ ಚಿತ್ರ ಆಯ್ತು.

ಜಪಾನ್‌ನೋರೂ ಇದನ್ನ ನಿನ್ನೆ ಮೊನ್ನೆ ಕಲಿತದ್ದಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಮುರಸಾಕಿ ಶಿಕಿಬು ಅಂತ ಒಬ್ಬ ಹೆಂಗಸು, ಅರಮನೇಲಿದ್ದೋಳು, ‘ಗೆಂಜಿಯ ಕಥೆ’ ಅನ್ನೋ ದೊಡ್ಡ ಕಾದಂಬರಿ ಬರೆದಳು. ಹನ್ನೆರಡನೇ ಶತಮಾನದಲ್ಲಿ ಅದನ್ನ ಉದ್ದುದ್ದ ಕಾಗದದ ಸುರುಳಿ ಮೇಲೆ ಚಿತ್ರ ಬರೆದ್ರು. ಅದರಲ್ಲೊಂದು ಚಿತ್ರ ನಮ್ಮನೆ ಹಜಾರದ್ದೇ ಅನ್ನಿಸ್ತದೆ. ಒಬ್ಬಳಿಗೆ ತಲೆ ಬಾಚ್ತಾ ಅವರೆ. ಇನ್ನೊಬ್ಬಳು ಕಥೆಯ ಚಿತ್ರ ನೋಡ್ತಾ ಕೂತವಳೆ, ಪಕ್ಕದಲ್ಲಿ ಕೆಲಸದೋಳು ಕಥೇನ ಓದಿ ಹೇಳ್ತಾ ಅವಳೆ. ಒಬ್ಬರು ಓದೋದು, ಒಬ್ಬರು ನೋಡೋದು. ಅದೇ ಕಥೇನ 1979ರಿಂದ ಯಮಾತೊ ವಾಕಿ ಅನ್ನೋ ಹೆಂಗಸು ಮಾಂಗಾ ಮಾಡಿದಳು. ಹಳೇ ಭಾಷೆ ಅರ್ಥ ಆಗದ ಹುಡುಗೀರು ಅದನ್ನೇ ಹಿಡಿದು ಗೆಂಜಿಯ ಒಳಗೆ ಹೋದ್ರು. 2007ರಲ್ಲಂತೂ, ದಜಾಯಿ ಒಸಾಮು 1948ರಲ್ಲಿ ಬರೆದ ಒಂದು ಕಾದಂಬರಿಗೆ ಬರೀ ರಕ್ಷಾಪುಟದ ಮೇಲೆ ಮಾಂಗಾ ಚಿತ್ರಗಾರನಿಂದ ಒಂದು ಚಿತ್ರ ಬರೆಸಿದ್ರು. ಒಳಗಿದ್ದ ಕಥೆ ಇದ್ದಂಗೇ ಇತ್ತು. ಆದರೂ ಎಳೇ ಹುಡುಗರು ಮುಗಿಬಿದ್ದು ಕೊಂಡ್ಕೊಂಡ್ರು. ಬೊಂಬೆ ಓದನ್ನ ಕೊಲ್ತದೆ ಅನ್ನೋ ಮಾತು ಅಲ್ಲಿ ನಿಲ್ಲಲಿಲ್ಲ.

ಈಗ ನಮ್ಮ ಮಾತಿಗೆ ಬರೋಣ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರು 1970ರಲ್ಲಿ ‘ಗೃಹಭಂಗ’ ಕೊಟ್ರು. ಗಂಡನ ಶಾನುಭೋಗಿಕೆ ಲೆಕ್ಕಾನ ತಾನು ಬರೆದು ಸಂಸಾರ ತೂಗಿಸಿದ ನಂಜಮ್ಮ, ಪ್ಲೇಗಿಗೆ ಮಕ್ಕಳನ್ನ ಕಳ್ಕೊಂಡ ನಂಜಮ್ಮ, ನಮ್ಮ ಸೀಮೆ ಹೆಂಗಸೇ. ಗಿರೀಶ್ ಕಾಸರವಳ್ಳಿಯವರು ಅದನ್ನ ಧಾರಾವಾಹಿ ಮಾಡಿದ್ರು. ನಾಳೆ ಯಾರೋ ಒಂದು ಹುಡುಗಿ ಅದನ್ನ ಮಾಂಗಾ ರೀತೀಲಿ ಬರೀತೀನಿ ಅಂತ ಕೂತ್ರೆ, ನಂಜಮ್ಮನಿಗೆ ದೊಡ್ಡ ಕಣ್ಣು ಬರೆದ್ಲು ಅಂತ ನಾನು ಬೇಜಾರು ಮಾಡ್ಕೊಳ್ಳಲ್ಲ. ಬೈಚೋಜನೂ ತನ್ನ ಕಾಲದ ರೀತೀಲೇ ಕೆತ್ತಿದ. ನನಗೆ ಭಯ ಬೇರೆ. ಆ ಅಡುಗೆಮನೇಲಿ ಅವಳು ಏನು ಬರೀತಾಳೆ?

ಕೋಡೊಲೆ ಹೆಂಗಿರ್ತಿತ್ತು, ಊದುಗೊಳವೆ ಎಲ್ಲಿ ಇಡ್ತಿದ್ರು, ನೆಲುವು ಎಷ್ಟು ಎತ್ತರಕ್ಕೆ ತೂಗ್ತಿತ್ತು, ಬೀಸೋಕಲ್ಲಿನ ಮುಂದೆ ಕಾಲು ಚಾಚಿ ಕೂರೋದು ಹೆಂಗೆ, ಮುತ್ತುಗದ ಎಲೆ ಹಚ್ಚೋವಾಗ ಕಡ್ಡಿ ಯಾವ ಕೈಲಿ, ಪ್ಲೇಗ್ ಬಂದಾಗ ಊರಾಚೆ ಹಾಕ್ಕೊಂಡಿದ್ದ ಜೋಪಡಿಗೆ ಏನು ಹೊದಿಸಿದ್ರು. ಕಾದಂಬರಿ ಇವನ್ನೆಲ್ಲ ಬಿಡಿಸಿ ಹೇಳ್ಬೇಕಾಗಿಲ್ಲ, ಓದೋರಿಗೆ ಗೊತ್ತಿರ್ತದೆ. ಚಿತ್ರ ಕೇಳೇ ಕೇಳ್ತದೆ. ಹೇಳೋರು ಸಿಕ್ಕದಿದ್ರೆ ಆ ಹುಡುಗಿ ಯಾವುದೋ ಸಿನಿಮಾದ ಅಡುಗೆಮನೆ ತಂದು ಹಾಕ್ತಾಳೆ. ಆಮೇಲೆ ನಮ್ಮ ಅಜ್ಜಿಯರು ಹಂಗೇ ಇದ್ರು ಅಂತ ಮೊಮ್ಮಕ್ಕಳು ನಂಬ್ಕೋತಾವೆ.

ಬೀಸಿದೋರು, ಎಲೆ ಹಚ್ಚಿದೋರು ನಮ್ಮ ಬೀದೀಲಿ ಇನ್ನೂ ಅವರೆ. ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ, ನಿಮ್ಮನ್ನೇ ಅಂತಿರೋದು. ಬೊಂಬೆ ಪುಸ್ತಕ ಹಿಡ್ಕೊಂಡು ಕೂತ ಮಗೀನ ಬೈಬೇಡಿ. ಒಂದು ಪೆನ್ಸಿಲ್ಲು ಕೊಟ್ಟು, ನಿಮ್ಮ ಅಡುಗೆಮನೆ ಹೆಂಗಿತ್ತು ಅಂತ ಹೇಳ್ತಾ ಬರೆಸಿ. ನೆಲುವು ವಾರೆ ಬರೆದ್ರೆ ಅಲ್ಲೇ ತಿದ್ದಿ.