ದಸರೆಯ ಒಕ್ಕಣೆ

ನವರಾತ್ರಿಗೆ ಇನ್ನು ಮೂರು ವಾರವಿದೆ ಎನ್ನುವಾಗ ಮೈಸೂರಿನಲ್ಲಿರುವ ಅಕ್ಕನಿಗೆ ಕಾಗದ ಬರೆಯುವುದು ನನ್ನ ಬಹುಕಾಲದ ಅಭ್ಯಾಸ. ಫೋನು ಜೇಬಿಗೇ ಬಂದು, ಬೇಕೆಂದಾಗ ಮಾತಾಡುವಂತಾದ ಮೇಲೂ ಈ ಒಂದು ಕಾಗದ ತಪ್ಪಿಲ್ಲ. ಅದರಲ್ಲಿ ವರ್ಷದ ಸಮಾಚಾರವೆಲ್ಲ ಬರಬೇಕು. ಯಾರಿಗೆ ವರ್ಗವಾಯಿತು, ಯಾರಿಗೆ ಮಗುವಾಯಿತು, ಮನೆಯ ಸಾಲ ಎಷ್ಟು ತೀರಿತು, ರಜಕ್ಕೆ ಯಾರು ಯಾರು ಯಾವ ದಿನ ಬರುತ್ತೇವೆ, ಮುಂದಿನ ವರ್ಷ ಏನು ಮಾಡಬೇಕೆಂದಿದ್ದೇವೆ, ಎಲ್ಲವೂ. ಅಕ್ಕ ಅದನ್ನು ಗೊಂಬೆಗಳ ಪೆಟ್ಟಿಗೆಯಲ್ಲಿ ಇಡುತ್ತಾಳೆ. ಮರುವರ್ಷ ಪಟ್ಟದ ಗೊಂಬೆಗಳನ್ನು ಹೊರಗೆ ತೆಗೆಯುವಾಗ ಹಳೆಯ ಕಾಗದವನ್ನು ಓದಿ, "ಬರೆದದ್ದರಲ್ಲಿ ಅರ್ಧವೂ ಆಗಿಲ್ಲವಲ್ಲೋ" ಎಂದು ಹಂಗಿಸುತ್ತಾಳೆ.

ಈ ವರ್ಷದ ಸಮಾಚಾರ ಸುಮಾರಾಗಿದೆ. ನನ್ನ ಬಲಗಣ್ಣಿನ ಪೊರೆ ತೆಗೆಸಿದ್ದಾಯಿತು. ಮಗಳ ಸಂಸಾರ ಪುಣೆ ಸೇರಿತು. ಮೊಮ್ಮಗನಿಗೆ ಜಂಬೂ ಸವಾರಿ ತೋರಿಸುತ್ತೇನೆಂದು ಕೊಟ್ಟ ಮಾತು ಮೂರನೆಯ ವರ್ಷಕ್ಕೆ ಕಾಲಿಟ್ಟಿದೆ. ಇಷ್ಟನ್ನು ಬರೆಯುವ ಹೊತ್ತಿಗೆ ಕಾಗದ ನಿಂತುಬಿಟ್ಟಿತು. ಏಕೆ ನಿಂತಿತೆಂಬುದನ್ನು ಆಮೇಲೆ ಹೇಳುತ್ತೇನೆ. ಅದನ್ನು ಪಕ್ಕಕ್ಕಿಟ್ಟು, ಕಪಾಟಿನಲ್ಲಿದ್ದ ಮೈಸೂರಿನ ಚರಿತ್ರೆಯ ಪುಸ್ತಕಗಳನ್ನು ತಿರುವುತ್ತ ಕುಳಿತೆ. ದಸರೆಗೆ ವರ್ಷದ ಲೆಕ್ಕ ಒಪ್ಪಿಸುವುದು ನಮ್ಮ ಮನೆಯ ಪದ್ಧತಿಯಷ್ಟೇ ಅಲ್ಲ, ನಮ್ಮ ನಾಡಿನ ಹಳೆಯ ಪದ್ಧತಿಯೆಂಬುದು ಹಾಗೆ ತಿರುವುವಾಗ ಹೊಳೆಯಿತು.

1443ರಲ್ಲಿ ವಿಜಯನಗರದ ಮಹಾನವಮಿಯನ್ನು ಕಂಡ ಪಾರಸಿ ರಾಯಭಾರಿ ಅಬ್ದುಲ್ ರಜಾಕ್, ರಾಜ್ಯದ ದೂರದೂರದ ಸರದಾರರು ಆನೆಗಳೊಡನೆ ರಾಜಧಾನಿಗೆ ಬಂದು ನೆರೆದುದನ್ನು ಬೆರಗಿನಿಂದ ವರ್ಣಿಸಿದ್ದಾನೆ. ಸುಮಾರು ತೊಂಬತ್ತು ವರ್ಷಗಳ ತರುವಾಯ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನಿಗೆ ಬೆರಗಿಗಿಂತ ಹಣದ ಮೇಲೆ ಕಣ್ಣು. ನಾಯಕರು ಅರಸನಿಗೆ ಸಲ್ಲಬೇಕಾದ ಹಣವನ್ನು ತಂದೊಪ್ಪಿಸುವುದು ಈ ಒಂಬತ್ತು ದಿನಗಳ ಹಬ್ಬದ ಕಾಲದಲ್ಲೇ ಎಂದು ಅವನು ಗುರುತುಹಾಕಿಕೊಂಡಿದ್ದಾನೆ. 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದ ರಾಜ ಒಡೆಯರು ವಿಜಯನಗರದ ಈ ಉತ್ಸವವನ್ನು ತಮ್ಮದಾಗಿ ಮಾಡಿಕೊಂಡರು. ಅಂತೂ ಲೆಕ್ಕ ಒಪ್ಪಿಸುವವರು ಕೆಳಗಿನವರು, ಕೇಳುವವನು ಸಿಂಹಾಸನದ ಮೇಲಿನವನು. ಹಬ್ಬದ ಈ ಕ್ರಮ ಬಹುಕಾಲ ಬದಲಾಗಲಿಲ್ಲ.

ಅದು ತಲೆಕೆಳಗಾದದ್ದು 1881ರಲ್ಲಿ. ಐವತ್ತು ವರ್ಷ ಮೈಸೂರನ್ನು ತಾವೇ ಆಳಿದ ಬ್ರಿಟಿಷರು ಆ ವರ್ಷದ ಮಾರ್ಚ್ 25ರಂದು ರಾಜ್ಯವನ್ನು ಹದಿನೆಂಟು ವಯಸ್ಸಿನ ಚಾಮರಾಜೇಂದ್ರ ಒಡೆಯರಿಗೆ ಹಿಂದಕ್ಕೆ ಕೊಟ್ಟರು. ಕೊಟ್ಟದ್ದಾದರೂ ಎಂಥ ರಾಜ್ಯ! 1876ರಿಂದ 78ರವರೆಗಿನ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ, ಐವರಲ್ಲಿ ಒಬ್ಬರಂತೆ, ಕಣ್ಮರೆಯಾಗಿದ್ದರು. ಬೊಕ್ಕಸದ ಮೇಲೆ 80 ಲಕ್ಷ ರೂಪಾಯಿ ಸಾಲ. ದಿವಾನರಾದವರು ರಂಗಾಚಾರ್ಲು, ಲೆಕ್ಕದಲ್ಲಿ ನುರಿತ ಮನುಷ್ಯ. ಅವರು ಆಗಸ್ಟಿನಲ್ಲಿ ಒಂದು ಆಜ್ಞೆ ಹೊರಡಿಸಿದರು. ಒಂದೊಂದು ತಾಲ್ಲೂಕಿನಿಂದ ಒಬ್ಬಿಬ್ಬರು ತಿಳಿವಳಿಕಸ್ಥ ಜಮೀನುದಾರರು, ಒಂದೊಂದು ಜಿಲ್ಲೆಯಿಂದ ಮೂರು ನಾಲ್ಕು ಮಂದಿ ವರ್ತಕರು ದಸರೆಗೆ ಮೈಸೂರಿಗೆ ಬರಬೇಕು. ಕಳೆದ ವರ್ಷ ಸರ್ಕಾರ ಏನು ಮಾಡಿತು, ಮುಂದಿನ ವರ್ಷ ಏನು ಮಾಡಬೇಕೆಂದಿದೆ ಎಂಬುದನ್ನು ಅವರ ಮುಂದಿಡಲಾಗುವುದು. ಅಕ್ಟೋಬರ್ 7ರಂದು 144 ಮಂದಿ ಸೇರಿದರು. ಅದೇ ಪ್ರಜಾಪ್ರತಿನಿಧಿ ಸಭೆ.

ಹಬ್ಬಕ್ಕೆ ಹೇಗೂ ಜನ ಬರುತ್ತಾರೆ, ಸಭೆಯೂ ಆಗಿಹೋಗಲಿ ಎಂಬ ಮಿತವ್ಯಯದ ಯೋಚನೆಯೂ ಅದರಲ್ಲಿ ಇದ್ದಿರಬಹುದು. ಆದರೆ ಲೆಕ್ಕ ಒಪ್ಪಿಸುವ ದಿಕ್ಕು ಮಾತ್ರ ತಿರುಗಿತ್ತು. ಈಗ ಸರ್ಕಾರ ಓದಿ ಹೇಳುತ್ತಿತ್ತು, ಪ್ರಜೆ ಕುಳಿತು ಕೇಳುತ್ತಿದ್ದ. ಕೃಷಿಯೊಡನೆ ಕೈಗಾರಿಕೆಯೂ ಬೆಳೆಯದೆ ಯಾವ ದೇಶಕ್ಕೂ ಏಳಿಗೆಯಿಲ್ಲವೆಂದು ರಂಗಾಚಾರ್ಲು ಹೇಳಿದ್ದು 1882ರ ಸಭೆಯಲ್ಲಿ. ಮೂರನೆಯ ಸಭೆಯನ್ನು ನೋಡಲು ಅವರಿಗೆ ಆಯುಷ್ಯವಿರಲಿಲ್ಲ. 1883ರ ಜನವರಿಯಲ್ಲಿ ತೀರಿಕೊಂಡರು. ಅವರ ಹೆಸರಿನ ಪುರಭವನ ದೊಡ್ಡ ಗಡಿಯಾರದ ಎದುರಿಗಿದೆ. ದಸರೆಗೆ ಹೋದವರು ದೀಪಾಲಂಕಾರ ನೋಡುತ್ತ ಅದರ ಮುಂದೆಯೇ ಹಾದುಹೋಗುತ್ತಾರೆ.

ಆ ಸಭೆಗೆ ಅಧಿಕಾರವೇನೂ ಇರಲಿಲ್ಲವೆಂಬುದು ನಿಜ. ಸದಸ್ಯರು ಅಹವಾಲು ಹೇಳಿಕೊಳ್ಳಬಹುದಿತ್ತು, ಅಷ್ಟೆ. ಚುನಾವಣೆ ಬಂದದ್ದು 1891ರಲ್ಲಿ. ಹೊಸ ತೆರಿಗೆ ಹಾಕುವ ಮುನ್ನ ಸಭೆಯನ್ನು ಕೇಳಬೇಕೆಂಬ ಕಾನೂನಾದದ್ದು 1923ರಲ್ಲಿ; ಹಾಗೆ ಕೇಳಿದ ಮೇಲೂ ಸರ್ಕಾರ ತನಗೆ ತೋಚಿದಂತೆ ನಡೆಯಬಹುದಿತ್ತು. ಇದು ಬರಿಯ ದಸರೆಯ ಗೊಂಬೆಯೆಂದು ಹಾಸ್ಯಮಾಡಿದವರ ಮೇಲೆ ನನಗೆ ಕೋಪವಿಲ್ಲ. ಆದರೂ 1949ರಲ್ಲಿ ಮುಗಿಯುವವರೆಗೆ ಅರುವತ್ತೆಂಟು ವರ್ಷ ಅಲ್ಲಿ ಕೆರೆಯ ಏರಿ, ರಸ್ತೆ, ಶಾಲೆ, ಕಾಡಿನ ಕಾನೂನುಗಳ ಮಾತು ನಡೆಯಿತು. ಅಕ್ಕನ ಮಾವನವರ ಕಾಲದಲ್ಲಿ ಕಡೂರು ಕಡೆಯ ಸದಸ್ಯರೊಬ್ಬರು ಸಭೆಗೆ ಬಂದಾಗ ಲಕ್ಷ್ಮೀಪುರದ ಅವರ ಮನೆಯಲ್ಲೇ ಇಳಿದುಕೊಳ್ಳುತ್ತಿದ್ದರಂತೆ. ಒಂದೇ ಕೆರೆಯ ತೂಬಿನ ವಿಚಾರವನ್ನು ನಾಲ್ಕು ದಸರೆ ಎತ್ತಿದರಂತೆ. ಪ್ರತಿ ಸಲವೂ ಹಿಂದಿನ ರಾತ್ರಿ ಜಗಲಿಯ ಮೇಲೆ ಲಾಂದ್ರ ಇಟ್ಟುಕೊಂಡು ಅಹವಾಲನ್ನು ಹೊಸದಾಗಿ ಬರೆಯುತ್ತಿದ್ದರಂತೆ. ಹಳೆಯ ಕಾಗದವನ್ನೇ ಓದಬಾರದೇ ಎಂದರೆ, "ಕೇಳುತ್ತಾರಲ್ಲ, ನೆಟ್ಟಗೆ ಹೇಳಬೇಡವೆ?" ಎನ್ನುತ್ತಿದ್ದರಂತೆ. ಅಕ್ಕ ಮದುವೆಯಾಗಿ ಹೋದ ಹೊಸದರಲ್ಲಿ ಮಾವನವರ ಬಾಯಿಂದ ಕೇಳಿದ್ದು ಇದು.

ನನ್ನ ಕಾಗದ ನಿಂತದ್ದು ಅದೇ ಮನೆಯ ವಿಚಾರದಲ್ಲಿ. ಅಕ್ಕನಿಗೆ ಎಪ್ಪತ್ತೊಂಬತ್ತು. ಮಂಡಿ ನೋವು; ಒಬ್ಬಳೇ ಇದ್ದಾಳೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಮನೆ ಮಾರಿ ಅವಳನ್ನು ಕರೆತರುವುದೆಂದು ಹೋದ ತಿಂಗಳು ಎಲ್ಲರೂ ಸೇರಿ ನಿರ್ಧರಿಸಿದರು. ಎಲ್ಲರೂ ಎಂದರೆ ಅಕ್ಕನ ಹೊರತು. ಕೊಳ್ಳುವವರು ಸಿಕ್ಕಿದ್ದಾರೆ, ದಸರೆ ಮುಗಿದ ಮೇಲೆ ಪತ್ರ ಆಗಬೇಕು. ಗೊಂಬೆಗಳನ್ನು ಯಾರು ಯಾರು ತೆಗೆದುಕೊಳ್ಳಬೇಕೆಂಬುದೂ ಇತ್ಯರ್ಥವಾಗಿದೆ! "ನೀವೇ ಕಾಗದದಲ್ಲಿ ಬರೆದುಬಿಡಿ ಮಾಮ, ಅಮ್ಮ ನಿಮ್ಮ ಮಾತು ತೆಗೆದುಹಾಕೋಲ್ಲ" ಎಂದ ದೊಡ್ಡ ಸೋದರಳಿಯ. ಹುಡುಗರ ಆತಂಕ ಸುಳ್ಳಲ್ಲ. ಹೋದ ಮಳೆಗಾಲದಲ್ಲಿ ಅಕ್ಕ ಹಿತ್ತಲಲ್ಲಿ ಜಾರಿಬಿದ್ದು ಅರ್ಧ ದಿನ ಯಾರಿಗೂ ಗೊತ್ತಾಗಿರಲಿಲ್ಲ. ನಾನೂ ಒಪ್ಪಿ ತಲೆಯಾಡಿಸಿದೆ.

ಆದರೆ ಬರೆಯಲು ಕುಳಿತಾಗ ಕೈ ಓಡಲಿಲ್ಲ. ಎರಡು ದಿನ ಪುಸ್ತಕ ತಿರುವಿದ ಮೇಲೆ ಕಾಗದ ಮುಗಿಸಿದೆ. ಕಣ್ಣಿನದು, ಪುಣೆಯದು, ಮೊಮ್ಮಗನದು ಎಲ್ಲ ಬರೆದು, ಕಡೆಯಲ್ಲಿ ಇಷ್ಟು ಸೇರಿಸಿದೆ: ಮನೆಯ ವಿಚಾರವಾಗಿ ಹುಡುಗರು ಒಂದು ಯೋಚನೆ ಮಾಡಿದ್ದಾರೆ, ನಾನೂ ಅದಕ್ಕೆ ಹೂಂ ಎಂದಿದ್ದೇನೆ, ನಿನ್ನನ್ನು ಕೇಳದೆ ಎಂದದ್ದು ತಪ್ಪಾಯಿತು, ನಿನ್ನ ಮನಸ್ಸಿನಲ್ಲಿ ಏನಿದೆ ಬರೆ.

ಮೊನ್ನೆ ಉತ್ತರ ಬಂತು. ಅಂಚೆ ಕಾರ್ಡು, ಒಟ್ಟು ಆರು ಸಾಲು. ಗೊಂಬೆ ಕೂರಿಸುವ ಹಲಗೆಗೆ ಗೆದ್ದಲು ಹಿಡಿದಿದೆ, ನಾಲ್ಕು ಅಡಿಯ ಹಲಗೆ ಎರಡು ಬೇಕು. ಕಣ್ಣಿಗೆ ಔಷಧಿ ಹಾಕುವುದನ್ನು ಬಿಡಬೇಡ. ಮನೆಯ ವಿಚಾರ ಕಾರ್ಡಿನಲ್ಲಿ ಬರೆಯುವಂಥದ್ದಲ್ಲ. ನವಮಿಯ ಸಂಜೆ ಎಲ್ಲರೂ ಬಂದು ನಡುಮನೆಯಲ್ಲಿ ಎದುರಿಗೆ ಕುಳಿತುಕೊಳ್ಳಿ, ನನಗೂ ಹೇಳುವುದಿದೆ.

ದಶಮಿಯ ಬೆಳಗಿನ ರೈಲಿಗೆ ತೆಗೆಸಿದ್ದ ಚೀಟಿಗಳನ್ನು ಸೋದರಳಿಯ ನಿನ್ನೆ ರದ್ದುಮಾಡಿಸಿ, ಅಷ್ಟಮಿಗೆ ಬದಲಾಯಿಸಿದ. ಹಲಗೆ ನೋಡಲು ನಾನು ನಾಳೆ ಪೇಟೆಗೆ ಹೋಗಬೇಕು.