ಹುಡುಗರ ಬ್ಯಾಂಡು, ಹುಡುಗಿಯರ ಕಥೆ

1993ರ ನವೆಂಬರ್. ಐರ್ಲೆಂಡಿನ ಟಿ.ವಿ.ಯಲ್ಲಿ ‘ದಿ ಲೇಟ್ ಲೇಟ್ ಶೋ’ ನಡೆಯುತ್ತಿದೆ. ವೇದಿಕೆಗೆ ಆರು ಹುಡುಗರು ಬರುತ್ತಾರೆ. ಲೂಯಿ ವಾಲ್ಶ್ ಎಂಬ ಮ್ಯಾನೇಜರ್ ಅವರನ್ನು ಆರಿಸಿ ಒಟ್ಟು ಹಾಕಿ ಹೆಚ್ಚು ದಿನವಾಗಿಲ್ಲ, ಅವರದೇ ಅನ್ನುವ ಹಾಡು ಇನ್ನೂ ಒಂದೂ ಇಲ್ಲ. ಹಾಗಾಗಿ ಅವರು ಹಾಡುವುದಿಲ್ಲ, ಬರೀ ಕುಣಿಯುತ್ತಾರೆ. ಒಬ್ಬನ ಹೆಜ್ಜೆಗೂ ಇನ್ನೊಬ್ಬನ ಹೆಜ್ಜೆಗೂ ತಾಳಮೇಳವಿಲ್ಲ, ಮುಖದಲ್ಲಿ ಮಾತ್ರ ಎಲ್ಲಿಲ್ಲದ ಗಾಂಭೀರ್ಯ. ನೋಡುವವರಿಗೇ ನಾಚಿಕೆಯಾಗುವಂತಹ ಆ ತುಣುಕನ್ನು ಐರ್ಲೆಂಡಿನವರು ಮೂವತ್ತು ವರ್ಷಗಳಿಂದ ಹಾಕಿಕೊಂಡು ನಗುತ್ತಲೇ ಇದ್ದಾರೆ. ಆ ಆರರಲ್ಲಿ ಇಬ್ಬರು ಹೋಗಿ ಹೊಸಬನೊಬ್ಬ ಸೇರಿ ಐವರಾದ ಬಾಯ್‌ಝೋನ್ ತಂಡ ಮುಂದೆ ಬ್ರಿಟನ್ನಿನ ಹಾಡುಪಟ್ಟಿಯಲ್ಲಿ ಆರು ಸಲ ಮೊದಲ ಸ್ಥಾನಕ್ಕೇರಿತು.

ತೊಂಬತ್ತರ ದಶಕದ ಬಾಯ್ ಬ್ಯಾಂಡ್‌ಗಳ ಬಗ್ಗೆ ಹರಟೆ ಹೊಡೆಯಲು ಕೂತವರು ಸ್ವಲ್ಪ ಹೊತ್ತಿನಲ್ಲೇ ಹಾಡು ಬಿಟ್ಟು ಪರದೆಯ ಮಾತಿಗೆ ಬರುವುದು ಸುಮ್ಮನೆ ಅಲ್ಲ. ಯಾವ ವಿಡಿಯೋದಲ್ಲಿ ಯಾರು ಮಳೆಯಲ್ಲಿ ನೆನೆದರು, ಯಾವ ಧಾರಾವಾಹಿಯಲ್ಲಿ ಆ ಹಾಡು ಬಂತು, ಯಾವ ಸಿನಿಮಾದ ಕೊನೆಯಲ್ಲಿ ಅವರೇ ಬಂದು ಕುಣಿದರು ಎಂದೇ ಮಾತು ಸಾಗುತ್ತದೆ. ಈ ತಂಡಗಳು ಹುಟ್ಟಿದ್ದು ಪರದೆಗಾಗಿ. ಅವುಗಳ ಕಥೆಯನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಪರದೆಯ ಮೇಲೆ ಹೇಳಿದ್ದಾರೆ. ಮೊದಲು ಹೇಳಿದವರು ತಂಡ ಕಟ್ಟಿದ ದಣಿಗಳು. ನಂತರ ಗೇಲಿ ಮಾಡುವವರು ಬಂದರು, ಆಮೇಲೆ ಲೆಕ್ಕ ಕೇಳುವವರು. ಕಿರುಚುತ್ತಾರೆಂದು ಬೈಸಿಕೊಂಡಿದ್ದ ಹುಡುಗಿಯರಿಗೆ ಸರದಿ ಬಂದದ್ದು ಬಹಳ ತಡವಾಗಿ.

ಮೂಲ ಹುಡುಕಿದರೆ 1965ರ ಲಾಸ್ ಏಂಜಲೀಸ್‌ಗೆ ಹೋಗಬೇಕು. ಬೀಟಲ್ಸ್ ತಂಡದ ‘ಎ ಹಾರ್ಡ್ ಡೇಸ್ ನೈಟ್’ ಸಿನಿಮಾ ಗೆದ್ದದ್ದನ್ನು ಕಂಡ ಬಾಬ್ ರಾಫೆಲ್ಸನ್ ಮತ್ತು ಬರ್ಟ್ ಶ್ನೈಡರ್, ಟಿ.ವಿ. ಧಾರಾವಾಹಿಗೆ ನಾಲ್ಕು ಹುಡುಗರು ಬೇಕೆಂದು ಸಿನಿಮಾ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. 1966ರಲ್ಲಿ ಎನ್‌ಬಿಸಿಯಲ್ಲಿ ‘ದಿ ಮಂಕೀಸ್’ ಶುರುವಾಯಿತು. ಬ್ಯಾಂಡಿನ ಪಾತ್ರ ಮಾಡಲು ಬಂದ ನಟರು ನಿಜವಾದ ಬ್ಯಾಂಡ್ ಆಗಿಬಿಟ್ಟರು. ವಾದ್ಯ ನಾವೇ ನುಡಿಸುತ್ತೇವೆ, ಹಾಡು ನಾವೇ ಆರಿಸುತ್ತೇವೆ ಎಂದು ಪಟ್ಟು ಹಿಡಿದರು. ಜಗಳದಲ್ಲಿ ಸಂಗೀತದ ಉಸ್ತುವಾರಿ ಹೊತ್ತಿದ್ದ ಡಾನ್ ಕರ್ಶನರ್ ಹೊರಬಿದ್ದ. ಅವನ ಮುಂದಿನ ತಂಡ ಯಾವುದು ಗೊತ್ತೇ? ಆರ್ಚೀಸ್. ಕಾರ್ಟೂನ್ ಪಾತ್ರಗಳ ಬ್ಯಾಂಡು! 1969ರಲ್ಲಿ ಅದರ ಹಾಡು ಅಮೆರಿಕದ ಪಟ್ಟಿಯ ತುದಿಗೇರಿತು. ಎದುರು ಮಾತಾಡದ ಗಾಯಕರು ಸಿಗಬೇಕಾದರೆ ಬರೆಸಿಕೊಳ್ಳುವುದೇ ವಾಸಿ ಎಂದು ಆತ ಕಂಡುಕೊಂಡಿರಬೇಕು.

ಪೋರ್ಟೊ ರಿಕೊದಲ್ಲಿ 1977ರಲ್ಲಿ ಹುಟ್ಟಿದ ಮೆನುಡೊ ತಂಡದ್ದು ಇನ್ನೊಂದು ಉಪಾಯ: ವಯಸ್ಸಾದ ಹುಡುಗನನ್ನು ಕಳಿಸು, ಆ ಜಾಗಕ್ಕೆ ಚಿಕ್ಕವನನ್ನು ತಾ. ರಿಕಿ ಮಾರ್ಟಿನ್ ಹಾಗೆ ಬಂದು ಹಾಗೆಯೇ ಹೋದವನು. ಬಾಸ್ಟನ್ನಿನ ಮಾರಿಸ್ ಸ್ಟಾರ್ ಮೊದಲು ನ್ಯೂ ಎಡಿಷನ್ ಎಂಬ ಕರಿಯ ಹುಡುಗರ ತಂಡ ಬೆಳೆಸಿದ. ಅವರೊಡನೆ ಕೆಟ್ಟ ಮೇಲೆ ಅದೇ ಅಚ್ಚಿನಲ್ಲಿ ಬಿಳಿಯ ಹುಡುಗರನ್ನು ಎರಕ ಹೊಯ್ದು ನ್ಯೂ ಕಿಡ್ಸ್ ಆನ್ ದ ಬ್ಲಾಕ್ ಮಾಡಿದ, ಹಣದ ಹೊಳೆ ಹರಿಯಿತು. ಅಮೆರಿಕದ ಪಾಪ್ ಚರಿತ್ರೆಯ ಹಳೆಯ ಚಾಳಿ ಇದು. ಹಳೆಯ ನೆನಪುಗಳ ಹರಟೆಯಲ್ಲಿ ಈ ವಿಷಯ ಬರುವುದು ಅಪರೂಪ.

ಕಾರ್ಖಾನೆ ಪೂರ್ತಿ ಸಜ್ಜಾದದ್ದು ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ. ಲೂ ಪರ್ಲ್‌ಮನ್‌ನದು ಜಾಹೀರಾತು ಹೊತ್ತು ಹಾರುವ ಬ್ಲಿಂಪ್‌ಗಳ ಮತ್ತು ಬಾಡಿಗೆ ವಿಮಾನಗಳ ವ್ಯವಹಾರ. ನ್ಯೂ ಕಿಡ್ಸ್ ಹುಡುಗರು ಗಳಿಸುತ್ತಿದ್ದ ಹಣ ಕಂಡು ಅವನಿಗೂ ಆಸೆ ಹುಟ್ಟಿತು. ಪತ್ರಿಕೆಯಲ್ಲಿ ಜಾಹೀರಾತು ಹಾಕಿದ. 1993ರಲ್ಲಿ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಸಿದ್ಧವಾಯಿತು. ಊರಿನ ಹಳೆ ಸಾಮಾನಿನ ಸಂತೆಯೊಂದರ ಹೆಸರೇ ತಂಡದ ಹೆಸರು. ಎರಡು ವರ್ಷ ಕಳೆದು ಅದೇ ದಣಿಯ ದುಡ್ಡಿನಲ್ಲಿ ಎನ್‌ಸಿಂಕ್. ಅದರ ಐವರಲ್ಲಿ ಜಸ್ಟಿನ್ ಟಿಂಬರ್ಲೇಕ್ ಮತ್ತು ಜೆ.ಸಿ. ಶಾಸೆ ಡಿಸ್ನಿಯ ‘ಮಿಕಿ ಮೌಸ್ ಕ್ಲಬ್’ ಟಿ.ವಿ. ಕಾರ್ಯಕ್ರಮದಲ್ಲಿ ಪಳಗಿದವರು. ಅಭಿಮಾನಿಗಳು ಈ ಎರಡು ತಂಡಗಳ ಹೆಸರಿನಲ್ಲಿ ಮಾತು ಬಿಡುವಷ್ಟು ಜಗಳವಾಡುತ್ತಿದ್ದಾಗ ಎರಡೂ ಕಡೆಯ ಗಲ್ಲಾಪೆಟ್ಟಿಗೆ ಒಂದೇ ಆಗಿತ್ತು.

ಹುಡುಗರು ಒರ್ಲ್ಯಾಂಡೊದವರಾದರೆ ಹಾಡುಗಳು ಸ್ಟಾಕ್‌ಹೋಮ್‌ನವು. ಅಲ್ಲಿನ ಷೈರಾನ್ ಸ್ಟುಡಿಯೋದಲ್ಲಿ ಡೆನಿಸ್ ಪಾಪ್ ಮತ್ತವನ ಶಿಷ್ಯ ಮ್ಯಾಕ್ಸ್ ಮಾರ್ಟಿನ್‌ಗೆ ರಾಗ ಮೊದಲು, ಅರ್ಥ ಆಮೇಲೆ. 1999ರ ‘ಐ ವಾಂಟ್ ಇಟ್ ದಟ್ ವೇ’ ಹಾಡಿನಲ್ಲಿ ಪ್ರೇಮಿಗೆ ಬೇಕಾದದ್ದು ಏನು, ಬೇಡವಾದದ್ದು ಏನು ಎಂದು ಇಪ್ಪತ್ತೈದು ವರ್ಷ ಕೇಳಿದರೂ ತಿಳಿಯುವುದಿಲ್ಲ. ಅರ್ಥವಾಗುವಂತೆ ತಿದ್ದಿದ ಇನ್ನೊಂದು ಆವೃತ್ತಿಯೂ ಧ್ವನಿಮುದ್ರಣವಾಗಿತ್ತು. ತಂಡದವರಿಗೆ ಅದು ಸಪ್ಪೆ ಎನಿಸಿ ಅರ್ಥವಾಗದ್ದಕ್ಕೇ ವಾಪಸಾದರು. ಒಳ್ಳೆಯದೇ ಮಾಡಿದರು ಅನ್ನಬೇಕು. ಇಂಗ್ಲಿಷ್ ಅರೆಬರೆ ಬರುತ್ತಿದ್ದ ಜಗತ್ತಿನ ಅರ್ಧಕ್ಕರ್ಧ ಮಕ್ಕಳು ಆ ಹಾಡನ್ನು ಹೃದಯಕ್ಕೆ ಹಚ್ಚಿಕೊಂಡದ್ದಕ್ಕೆ ಆ ಸರಳ, ಅಸಂಬದ್ಧ ಪದಗಳೂ ಕಾರಣ.

ಇವರನ್ನು ಮನೆಮನೆಗೆ ಮುಟ್ಟಿಸಿದ್ದು ಎಂಟಿವಿ. 1998ರಲ್ಲಿ ಶುರುವಾದ ‘ಟೋಟಲ್ ರಿಕ್ವೆಸ್ಟ್ ಲೈವ್’ ಕಾರ್ಯಕ್ರಮದಲ್ಲಿ ಶಾಲೆ ಬಿಟ್ಟು ಬಂದ ಮಕ್ಕಳು ಫೋನು ಮಾಡಿ ದಿನದ ಹತ್ತು ವಿಡಿಯೋ ಆರಿಸುತ್ತಿದ್ದರು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನ ಬೀದಿಯಲ್ಲಿ ನಿಂತವರ ಕೂಗು ಗಾಜಿನ ಕಿಟಕಿಯ ಸ್ಟುಡಿಯೋಗೆ ಕೇಳುತ್ತಿತ್ತು. ಒಂದೇ ಹಾಡು ತಿಂಗಳುಗಟ್ಟಲೆ ಕದಲುವುದಿಲ್ಲವೆಂದು, 65 ದಿನ ಪಟ್ಟಿಯಲ್ಲಿದ್ದ ವಿಡಿಯೋವನ್ನು ಗೌರವದಿಂದ ನಿವೃತ್ತಿಗೊಳಿಸುವ ನಿಯಮವನ್ನೇ ತರಬೇಕಾಯಿತು. 1999ರಲ್ಲಿ ಬ್ಯಾಕ್‌ಸ್ಟ್ರೀಟ್‌ನ ‘ಮಿಲೇನಿಯಂ’ ಮೊದಲ ವಾರದಲ್ಲೇ ಅಮೆರಿಕದಲ್ಲಿ 11 ಲಕ್ಷ ಪ್ರತಿ ದಾಟಿತು. ಮರುವರ್ಷ ಎನ್‌ಸಿಂಕ್‌ನ ಆಲ್ಬಂ ವಾರದಲ್ಲಿ 24 ಲಕ್ಷ ಮಾರಾಟವಾಯಿತು. ಆ ದಾಖಲೆ ಮುರಿಯಲು 2015ರಲ್ಲಿ ಗಾಯಕಿ ಅಡೆಲ್ ಬರಬೇಕಾಯಿತು.

ನಮ್ಮಲ್ಲಿಗೆ ಈ ಗಾಳಿ ಬಂದದ್ದು ಕೇಬಲ್ಲಿನವನ ತಂತಿಯ ಮೂಲಕ. 1991ರಲ್ಲಿ ಸ್ಟಾರ್ ಟಿ.ವಿ. ಜೊತೆ ಬಂದ ಎಂಟಿವಿ 1994ರಲ್ಲಿ ಅದರಿಂದ ಬೇರೆಯಾಗಿ, ಆ ಜಾಗಕ್ಕೆ ಚಾನೆಲ್ ವಿ ಬಂತು. 1996ರಲ್ಲಿ ಎಂಟಿವಿ ಮತ್ತೆ ಬಂತು. ಬೆಂಗಳೂರು, ಮೈಸೂರು, ಮಂಗಳೂರಿನ ಕಾನ್ವೆಂಟ್ ಮಕ್ಕಳು ಕ್ಯಾಸೆಟ್ಟಿನೊಳಗಿನ ಮಡಿಕೆ ಕಾಗದದ ಇರುವೆಸಾಲಿನಂಥ ಅಕ್ಷರ ಓದಿ ಹಾಡು ಬಾಯಿಪಾಠ ಮಾಡಿದರು. ಮುಂಬೈಯಲ್ಲಿ 2001ರಲ್ಲಿ ‘ಎ ಬ್ಯಾಂಡ್ ಆಫ್ ಬಾಯ್ಸ್’ ಎಂಬ ದೇಸಿ ತಂಡವೂ ಹುಟ್ಟಿತು. 2004ರಲ್ಲಿ ಆ ಹುಡುಗರನ್ನೇ ಹಾಕಿ ‘ಕಿಸ್ ಕಿಸ್ ಕೋ’ ಎಂಬ ಸಿನಿಮಾ ಮಾಡಿದರು, ಓಡಲಿಲ್ಲ. ಅವರಲ್ಲೊಬ್ಬನಾದ ಸುಧಾಂಶು ಪಾಂಡೆಯನ್ನು ಇವತ್ತಿನವರು ಬಲ್ಲದ್ದು ‘ಅನುಪಮಾ’ ಧಾರಾವಾಹಿಯ ವನರಾಜ್ ಎಂದು. ಪೋಸ್ಟರಿನ ಹುಡುಗ ಅತ್ತೆ-ಸೊಸೆಯರ ಹೊತ್ತಿನ ಗಂಡನಾದ! ಕನ್ನಡದಲ್ಲಿ ಇಂಥದ್ದೊಂದು ಬೇರು ಬಿಡದ್ದಕ್ಕೆ ಕಾರಣ ಸಿನಿಮಾ ಎನ್ನಬೇಕು. 1987ರ ‘ಪ್ರೇಮಲೋಕ’ದಲ್ಲಿ ರವಿಚಂದ್ರನ್ ಬೈಕ್ ಏರಿ ಬಂದು ಹಂಸಲೇಖರ ಹಾಡಿಗೆ ತುಟಿಯಾಡಿಸಿದಾಗಲೇ ಹದಿಹರೆಯದ ಎದೆಯ ಆ ಜಾಗ ಭರ್ತಿಯಾಗಿತ್ತು. ಒಬ್ಬನೇ ಸಾಕಾಗಿರುವಾಗ ಐದು ಜನ ಏಕೆ?

ಜನಪ್ರಿಯತೆಯ ತುತ್ತತುದಿಯಲ್ಲೇ ಗೇಲಿಯೂ ಶುರುವಾಯಿತು. 2000ದಲ್ಲಿ ‘ಸೌತ್ ಪಾರ್ಕ್’ ಕಾರ್ಟೂನಿನ ಪೋರರು ಬ್ಯಾಂಡು ಕಟ್ಟಿದರು. ಸ್ವತಃ ಎಂಟಿವಿಯೇ ‘ಟುಗೆದರ್’ ಎಂಬ ಅಣಕು ತಂಡದ ಟಿ.ವಿ. ಸಿನಿಮಾ ಮಾಡಿತು. 2001ರಲ್ಲಿ ‘ಸಿಂಪ್ಸನ್ಸ್’ ಕಾರ್ಟೂನಿನ ಒಂದು ಕಂತಿನಲ್ಲಿ ಬಾಯ್ ಬ್ಯಾಂಡಿನ ಹಾಡನ್ನು ಹಿಂದುಮುಂದಾಗಿ ಕೇಳಿದರೆ ನೌಕಾಪಡೆಗೆ ಸೇರುವ ಕರೆ. ಅದರಲ್ಲಿ ಎನ್‌ಸಿಂಕ್ ಹುಡುಗರು ತಾವೇ ಬಂದು ಧ್ವನಿ ಕೊಟ್ಟರು. ಅದೇ ವರ್ಷದ ‘ಜೋಸಿ ಅಂಡ್ ದ ಪುಸಿಕ್ಯಾಟ್ಸ್’ ಸಿನಿಮಾದಲ್ಲಿ, ಟ್ರ್ಯಾಕಿನಲ್ಲಿ ಏನೋ ವಿಚಿತ್ರ ಸದ್ದಿದೆಯಲ್ಲ ಎಂದು ಬಾಯ್ ಬ್ಯಾಂಡ್ ಪ್ರಶ್ನೆ ಕೇಳಿದ ಕೂಡಲೇ ಮ್ಯಾನೇಜರ್ ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಹಾರಿಬಿಡುತ್ತಾನೆ. ಚುರುಕಾದ ಹಾಸ್ಯವೇ. ಆದರೆ ಬಹುಪಾಲು ಗೇಲಿಯ ಹಿಂದಿದ್ದ ತರ್ಕ ಒಂದೇ: ಹನ್ನೆರಡು ವರ್ಷದ ಹುಡುಗಿ ಮೆಚ್ಚಿದ್ದು ಒಳ್ಳೆಯದಿರಲು ಸಾಧ್ಯವಿಲ್ಲ. ಹನ್ನೆರಡು ವರ್ಷದ ಹುಡುಗ ಕ್ರಿಕೆಟಿಗನ ಚಿತ್ರ ಗೋಡೆಗೆ ಅಂಟಿಸಿದರೆ ಯಾರೂ ನಕ್ಕದ್ದಿಲ್ಲ.

ಬ್ರಿಟನ್ನಿನಲ್ಲಿ ಕಥೆಯ ದಿಕ್ಕು ಬದಲಿಸಿದ್ದು ಒಂದು ಸಾಕ್ಷ್ಯಚಿತ್ರ. ಮ್ಯಾಂಚೆಸ್ಟರಿನ ಟೇಕ್ ದಟ್ ತಂಡ 1996ರ ಫೆಬ್ರವರಿಯಲ್ಲಿ ಮುರಿದುಬಿದ್ದಾಗ ಅಭಿಮಾನಿಗಳಿಗೆ ಸಮಾಧಾನ ಹೇಳಲು ಸಹಾಯವಾಣಿ ತೆರೆದಿದ್ದರು. ಒಂಬತ್ತು ವರ್ಷದ ನಂತರ, 2005ರ ನವೆಂಬರ್‌ನಲ್ಲಿ, ಐಟಿವಿ ಹಳೆಯ ಹುಡುಗರನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಿತು. ಕೊನೆಯ ದೃಶ್ಯದಲ್ಲಿ ನಾಲ್ವರು ಒಂದು ಕೋಣೆಯಲ್ಲಿ ಸೇರಿ ಐದನೆಯವನಿಗೆ ಕಾಯುತ್ತಾರೆ. ರಾಬಿ ವಿಲಿಯಮ್ಸ್ ಬರುವುದಿಲ್ಲ. ಅವನ ಬದಲು ಅವನ ವಿಡಿಯೋ ಸಂದೇಶ ಬರುತ್ತದೆ. ನಾಲ್ವರ ಮುಖದಲ್ಲಿ ಆಗ ಮೂಡಿದ್ದನ್ನು ಯಾವ ನೃತ್ಯ ನಿರ್ದೇಶಕನೂ ಕಲಿಸಲಾರ. ಕಾರ್ಯಕ್ರಮ ಮುಗಿದ ಹತ್ತು ದಿನದೊಳಗೆ ಆ ನಾಲ್ವರ ಪ್ರವಾಸ ಘೋಷಣೆಯಾಯಿತು. ಮೀಸೆ ನರೆತ ಬಾಯ್ ಬ್ಯಾಂಡ್ ಎಂಬ ಹೊಸ ಪದಾರ್ಥಕ್ಕೆ ಮಾರುಕಟ್ಟೆ ಇದೆ ಎಂದು ಗೊತ್ತಾದದ್ದು ಆಗಲೇ. 2008ರಲ್ಲಿ ನ್ಯೂ ಕಿಡ್ಸ್ ಮರಳಿದರು. ನಡುವಯಸ್ಸಿನ ಬ್ಯಾಕ್‌ಸ್ಟ್ರೀಟ್ ಬಾಯ್ಸ್ 2023ರ ಮೇನಲ್ಲಿ ಮುಂಬೈ, ದೆಹಲಿಗಳಲ್ಲೂ ಹಾಡಿ ಹೋದರು. 2025ರಲ್ಲಿ ಲಾಸ್ ವೇಗಸ್‌ನ ಸ್ಫಿಯರ್ ಎಂಬ ದೈತ್ಯ ಗೋಳದೊಳಗೆ ಅವರು ‘ಮಿಲೇನಿಯಂ’ ಹಾಡುಗಳನ್ನು ಮತ್ತೆ ಹಾಡಿದಾಗ, ಆ ಆಲ್ಬಮ್ಮಿನ ಮುಖಪುಟದಂತೆಯೇ ಬಿಳಿ ಬಟ್ಟೆ ತೊಟ್ಟು ಬಂದ ಅಭಿಮಾನಿಗಳಿಂದ ಸಭಾಂಗಣ ತುಂಬಿತ್ತು.

ಈ ನಡುವೆ ಹಳೆಯ ಖಾತೆ ಪುಸ್ತಕಗಳೂ ತೆರೆದುಕೊಂಡವು. ಬ್ಯಾಕ್‌ಸ್ಟ್ರೀಟ್ ತಂಡದ ಒಪ್ಪಂದದಲ್ಲಿ ಪರ್ಲ್‌ಮನ್ ಐವರ ಜೊತೆ ಆರನೆಯ ಸದಸ್ಯನಾಗಿಯೂ ಪಾಲು ಬರೆದುಕೊಂಡಿದ್ದ. 2019ರ ‘ದ ಬಾಯ್ ಬ್ಯಾಂಡ್ ಕಾನ್’ ಸಾಕ್ಷ್ಯಚಿತ್ರವನ್ನು ನಿರ್ಮಿಸಿದ ಎನ್‌ಸಿಂಕ್‌ನ ಲ್ಯಾನ್ಸ್ ಬಾಸ್ ಒಂದು ಔತಣದ ಕಥೆ ಹೇಳುತ್ತಾನೆ: ಹಗಲಿರುಳು ದುಡಿದು ಲಕ್ಷಾಂತರ ಆಲ್ಬಂ ಮಾರಿದ ಮೇಲೆ ಮೊದಲ ಚೆಕ್ ಹಂಚುವ ಸಂಭ್ರಮ, ಅಪ್ಪ ಅಮ್ಮಂದಿರೆಲ್ಲ ಬಂದಿದ್ದಾರೆ, ಲಕೋಟೆ ತೆರೆದರೆ ಒಳಗೆ 10,000 ಡಾಲರ್! ಎರಡೂ ತಂಡಗಳು ಕೋರ್ಟಿನ ಮೂಲಕ ಬಿಡಿಸಿಕೊಂಡವು. ಆಮೇಲೆ ಬಯಲಾದದ್ದು ಇನ್ನೂ ದೊಡ್ಡದು. ವಿಮಾನವೇ ಇಲ್ಲದ ವಿಮಾನ ಕಂಪನಿಯ ಹೆಸರಿನಲ್ಲಿ ಪರ್ಲ್‌ಮನ್ ಎತ್ತಿದ 30 ಕೋಟಿ ಡಾಲರ್‌ಗೂ ಮಿಕ್ಕಿದ ಹಣದಲ್ಲಿ ನಿವೃತ್ತರ ಉಳಿತಾಯವೂ ಸೇರಿತ್ತು. 2007ರಲ್ಲಿ ಇಂಡೊನೇಷ್ಯಾದಲ್ಲಿ ಸಿಕ್ಕಿಬಿದ್ದ. 25 ವರ್ಷದ ಶಿಕ್ಷೆ ಅನುಭವಿಸುತ್ತ 2016ರಲ್ಲಿ ಸತ್ತ. ನೆಟ್‌ಫ್ಲಿಕ್ಸ್‌ನ 2024ರ ‘ಡರ್ಟಿ ಪಾಪ್’ ಸರಣಿ, ಕೃತಕ ಬುದ್ಧಿಮತ್ತೆ ಬಳಸಿ, ಅವನ ಪುಸ್ತಕದ ಮಾತುಗಳನ್ನು ಅವನ ಹಳೆಯ ವಿಡಿಯೋದ ಬಾಯಿಗೆ ಕೂರಿಸಿತು. ಹುಡುಗರನ್ನು ಬೊಂಬೆ ಮಾಡಿ ಆಡಿಸಿದವನು ಸತ್ತ ಮೇಲೆ ತಾನೇ ಬೊಂಬೆಯಾದ. ಈ ಯುಕ್ತಿ ನನಗೆ ಹಿಡಿಸಲಿಲ್ಲ.

ಜಪಾನಿನ ಲೆಕ್ಕ ಇದಕ್ಕಿಂತ ಕತ್ತಲಿನದು. ದಶಕಗಳ ಕಾಲ ಟಿ.ವಿ.ಯನ್ನು ತನ್ನ ಹುಡುಗರ ತಂಡಗಳಿಂದ ತುಂಬಿಸಿದ್ದ ಜಾನಿ ಕಿಟಗಾವಾ ಆ ಹುಡುಗರನ್ನೇ ಲೈಂಗಿಕವಾಗಿ ಶೋಷಿಸಿದ್ದನೆಂದು ಅವನ ಸಂಸ್ಥೆ ಒಪ್ಪಿಕೊಂಡದ್ದು 2023ರಲ್ಲಿ, ಅವನು ಸತ್ತು ನಾಲ್ಕು ವರ್ಷದ ಮೇಲೆ. ಬಿಬಿಸಿಯ ಸಾಕ್ಷ್ಯಚಿತ್ರ ಬರುವವರೆಗೆ ಅಲ್ಲಿನ ವಾಹಿನಿಗಳು ಬಾಯಿ ಬಿಟ್ಟಿರಲಿಲ್ಲ.

ಅಭಿಮಾನಿಯೇ ಕಥೆಯ ನಡುಮನೆಗೆ ಬಂದದ್ದು ಮೊದಲು ಕೊರಿಯಾದಲ್ಲಿ ಎಂದು ನನ್ನ ಎಣಿಕೆ. ಎಚ್.ಒ.ಟಿ. ಎಂಬ ತಂಡ 1996ರಲ್ಲಿ ಹೊರಟು ಅಲ್ಲಿನ ಬಾಯ್ ಬ್ಯಾಂಡ್ ಉದ್ಯಮಕ್ಕೆ ಅಡಿಗಲ್ಲಾಯಿತು. ಅದರ ಬಳಗದ್ದು ಬಿಳಿ ಬಲೂನು, ಎದುರಾಳಿ ಸೆಕ್ಸ್‌ಕೀಸ್ ಬಳಗದ್ದು ಹಳದಿ. 2012ರ ‘ರಿಪ್ಲೈ 1997’ ಧಾರಾವಾಹಿ ಆ ಗಾಯಕರನ್ನು ದೂರದಲ್ಲೇ ಇಟ್ಟು, ಬೂಸಾನ್ ಊರಿನ ಒಬ್ಬ ಹುಡುಗಿಯನ್ನು ಮುಂದೆ ತಂದಿತು. ಓದಿನಲ್ಲಿ ಹಿಂದೆ, ಮನೆಯಲ್ಲಿ ಅಪ್ಪನ ಬೈಗುಳ, ತಲೆ ತುಂಬ ಎಚ್.ಒ.ಟಿ. ಅವಳು ಕದ್ದು ಬರೆಯುವುದು ತನ್ನ ಗಾಯಕರನ್ನೇ ಪಾತ್ರ ಮಾಡಿದ ಕಥೆಗಳನ್ನು. ಆ ಕಥೆಗಳ ಬಲದಿಂದಲೇ ಕಾಲೇಜು ಸೇರುತ್ತಾಳೆ, ಮುಂದೆ ಟಿ.ವಿ.ಗೆ ಬರೆಯುವವಳಾಗುತ್ತಾಳೆ. ಹುಚ್ಚು ಎಂದುಕೊಂಡದ್ದು ಅಭ್ಯಾಸದ ಕೋಣೆಯಾಗಿತ್ತು ಎಂದು ಆ ಧಾರಾವಾಹಿ ಭಾಷಣ ಮಾಡದೆ ತೋರಿಸಿತು.

ಆಮೇಲೆ ಇಂಥವು ಸಾಲಾಗಿ ಬಂದವು. ಉತ್ತರ ಐರ್ಲೆಂಡಿನ ‘ಡೆರಿ ಗರ್ಲ್ಸ್’ ಧಾರಾವಾಹಿಯ 2019ರ ಒಂದು ಕಂತಿನಲ್ಲಿ ಹುಡುಗಿಯರು ಮನೆಯವರ ಕಣ್ಣು ತಪ್ಪಿಸಿ ಟೇಕ್ ದಟ್ ನೋಡಲು ಬೆಲ್‌ಫಾಸ್ಟ್‌ಗೆ ಹೊರಡುತ್ತಾರೆ. ಹೊರಗೆ ಬಂದೂಕು, ಸೈನಿಕರ ತಪಾಸಣೆ, ಸಾಲದ್ದಕ್ಕೆ ಮೃಗಾಲಯದಿಂದ ತಪ್ಪಿಸಿಕೊಂಡ ಹಿಮಕರಡಿ. ಅವರಿಗೆ ಟಿಕೆಟ್ಟಿನದೇ ಚಿಂತೆ. 2023ರ ‘ಗ್ರೇಟೆಸ್ಟ್ ಡೇಸ್’ ಸಿನಿಮಾದಲ್ಲಿ ಟೇಕ್ ದಟ್ ಹಾಡುಗಳಿದ್ದರೂ ಕಥೆ ನಲವತ್ತು ದಾಟಿದ ಗೆಳತಿಯರದು. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಪಿಕ್ಸಾರ್‌ಗಾಗಿ ಡೋಮಿ ಶೀ ನಿರ್ದೇಶಿಸಿದ 2022ರ ‘ಟರ್ನಿಂಗ್ ರೆಡ್’. ಊರು ಟೊರಾಂಟೊ, ವರ್ಷ 2002. ಹದಿಮೂರು ವರ್ಷದ ಮೇಲಿನ್ ಎಂಬ ಹುಡುಗಿಗೂ ಅವಳ ಗೆಳತಿಯರಿಗೂ ‘ಫೋರ್‌ಟೌನ್’ ಎಂದರೆ ಪ್ರಾಣ. ಹೆಸರಿನಲ್ಲಿ ನಾಲ್ಕಿದ್ದು ಹುಡುಗರು ಐದೇಕೆ ಎಂಬ ಸಂಶಯ ಅಮ್ಮನಿಗೆ ಮಾತ್ರ ಬರುತ್ತದೆ. ಸಿಟ್ಟೋ ಆಸೆಯೋ ಉಕ್ಕಿದಾಗ ಹುಡುಗಿ ದೈತ್ಯ ಕೆಂಪು ಪಾಂಡಾ ಆಗುತ್ತಾಳೆ. ಪಾಂಡಾ ಜೊತೆ ಫೋಟೋ ತೆಗೆಸಲು ಕಾಸು ವಸೂಲಿ ಮಾಡಿ ಟಿಕೆಟ್ಟಿಗೆ ಹಣ ಕೂಡಿಸುತ್ತಾರೆ. ಆ ಅಣಕು ತಂಡದ ಹಾಡುಗಳನ್ನು ಬರೆದ ಬಿಲಿ ಐಲಿಶ್ ಮತ್ತು ಅವಳ ಅಣ್ಣ ಫಿನಿಯಸ್ ಒಂದು ಹುಸಿ ಸ್ವರವನ್ನೂ ಹಾಕಿಲ್ಲ. ನಿಜವಾಗಿ 2002ರಲ್ಲಿ ಬಂದಿದ್ದರೆ ಟಿ.ವಿ. ಪಟ್ಟಿಯ ತುದಿಯಲ್ಲಿ ಕೂರುತ್ತಿದ್ದವು.

ಹಾಗೆಂದು ಅಭಿಮಾನಿಗಳು ಬರೀ ಹೊಗಳುಭಟರೆಂದು ತಿಳಿಯಬೇಕಿಲ್ಲ. ಸೋಲ್‌ನಲ್ಲಿ ಹುಟ್ಟಿ ಟೊರಾಂಟೊದಲ್ಲಿ ಬೆಳೆದ ಮ್ಯಾಗಿ ಕಾಂಗ್, ಕ್ರಿಸ್ ಅಪೆಲ್‌ಹನ್ಸ್ ಜೊತೆ ನಿರ್ದೇಶಿಸಿದ 2025ರ ‘ಕೆಪಾಪ್ ಡೀಮನ್ ಹಂಟರ್ಸ್’ನಲ್ಲಿ ‘ಸಾಜಾ ಬಾಯ್ಸ್’ ಎಂಬ ಐವರ ತಂಡವಿದೆ. ಕಟ್ಟುಮಸ್ತಿನವನೊಬ್ಬ, ಕಣ್ಣಿಗೆ ಕೂದಲು ಬಿಟ್ಟವನೊಬ್ಬ, ಮಗುಮುಖದವನೊಬ್ಬ, ಪ್ರಣಯದವನೊಬ್ಬ, ನೋವು ನುಂಗಿದ ನಾಯಕನೊಬ್ಬ. ಹಳೆಯ ಅಚ್ಚು ಒಂದಿಷ್ಟೂ ಮುಕ್ಕಾಗಿಲ್ಲ. ಐವರೂ ರಾಕ್ಷಸರು, ಅಭಿಮಾನಿಗಳ ಆತ್ಮ ತಿನ್ನಲು ಬಂದವರು. ಅವರನ್ನು ಬೇಟೆಯಾಡಬೇಕಾದ ಹುಡುಗಿಯರಿಗೂ ಮೊದಲಿಗೆ ಅದು ಗೊತ್ತಾಗುವುದಿಲ್ಲ. ಮೊದಲ ಸಲ ಎದುರಾದಾಗ ಅವರ ಕಣ್ಣು ಅರಳುತ್ತದೆ, ಹಾಡು ನಾಲಿಗೆಗೆ ಅಂಟುತ್ತದೆ. ‘ಸೌತ್ ಪಾರ್ಕ್’ನವರ ಗೇಲಿಗಿಂತ ಇದು ಎಷ್ಟೋ ಹರಿತ, ಪೋಸ್ಟರು ಅಂಟಿಸಿದ ಗೋಡೆಯ ಪಕ್ಕದಲ್ಲೇ ಮಲಗಿ ಎದ್ದವರಿಗೆ ಹೊಡೆತ ಎಲ್ಲಿಗೆ ಬೀಳಬೇಕೆಂದು ಗೊತ್ತಿರುತ್ತದೆ. ಆ ರಾಕ್ಷಸರ ಹಾಡುಗಳು ಅಮೆರಿಕದ ಹಾಡುಪಟ್ಟಿಯಲ್ಲಿ ನಿಜವಾದ ತಂಡಗಳನ್ನೂ ಹಿಂದೆ ಹಾಕಿದವು. ಡಾನ್ ಕರ್ಶನರ್ ಬದುಕಿದ್ದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದ.